ನಾನ್ನೂರು ವರ್ಷದ ಟೋಪಿ

"ಟೋಪಿ ಹಾಕಿಸ್ಕೊಂಡು ಬರ್ಬೇಡ" ಅಂತ ನಮ್ಮೂರಿಂದ ಹೊರಡುವ ಪ್ರತಿಯೊಬ್ಬನಿಗೂ ಹೇಳಿ ಕಳಿಸ್ತಾರೆ. ನಾನು ಬಿಇ ಓದೋಕೆ ಹೊರಟಾಗ ಅಪ್ಪ ಹೇಳಿದ್ದರು. ಆಫೀಸಿನ ಕೆಲಸದ ಮೇಲೆ ಮೂರು ತಿಂಗಳು ಟೋಕಿಯೋಗೆ ಹೊರಟಾಗ ಅಮ್ಮ ಹೇಳಿದಳು. ತಮಾಷೆ ಅಂದ್ರೆ, ಅಲ್ಲಿ ಹೋಗಿ ನಾನು ನಿಜವಾಗಲೂ ಒಂದು ಟೋಪಿಯ ಹಿಂದೆ ಬಿದ್ದೆ. ಕಬ್ಬಿಣದ ಟೋಪಿ. ಜಪಾನಿಯರು ಅದನ್ನು ಕಬುತೊ ಅಂತಾರೆ. ಸಮುರಾಯ್ ಯೋಧರ ಶಿರಸ್ತ್ರಾಣ.

ಶುರುವಾಗಿದ್ದು ಒಂದು ಭಾನುವಾರ, ಉಯೆನೊದಲ್ಲಿರುವ ಟೋಕಿಯೋ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ. ಗಾಜಿನ ಪೆಟ್ಟಿಗೆಯೊಳಗೆ ಒಂದು ಕಬುತೊ ಕೂತಿತ್ತು. ಕೂತಿತ್ತು ಅಂತಲೇ ಹೇಳಬೇಕು, ಯಾಕಂದ್ರೆ ಒಳಗೆ ತಲೆ ಇಲ್ಲದಿದ್ದರೂ ಅದು ನನ್ನನ್ನು ನೋಡ್ತಾ ಇದೆ ಅನ್ನಿಸಿತು. ಅವತ್ತು ರಾತ್ರಿ ರೂಮಿಗೆ ಬಂದು ಓದಲು ಕೂತವನು ಬೆಳಗಿನ ಜಾವ ಮಲಗಿದೆ.

ಕಬುತೊ ಒಂದು ವಸ್ತು ಅಲ್ಲ, ಹಲವು ಭಾಗಗಳ ಜೋಡಣೆ. ತಲೆಯ ಮೇಲೆ ಕೂರುವ ಬೋಗುಣಿಗೆ ಹಚಿ ಅಂತ ಹೆಸರು. ಕತ್ತನ್ನು ಕಾಯಲು ಸುತ್ತ ಇಳಿಬಿದ್ದಿರುವ ಪಟ್ಟಿಗಳು ಶಿಕೊರೊ. ಒಂದರ ಕೆಳಗೊಂದು ರೇಷ್ಮೆ ದಾರದಲ್ಲಿ ಕಟ್ಟಿರುತ್ತಾರೆ. ಹಣೆಯ ಮೇಲೆ ನಿಲ್ಲುವ ಲಾಂಛನ ಮಾಎದಾತೆ. ಹಚಿಯನ್ನು ಒಂದೇ ತಗಡಿನಲ್ಲಿ ಬಡಿಯುತ್ತಿರಲಿಲ್ಲ. ತೆಳುವಾದ ಕಬ್ಬಿಣದ ಪಟ್ಟಿಗಳನ್ನು ನೆತ್ತಿಯಿಂದ ಕೆಳಕ್ಕೆ, ಕಿತ್ತಳೆ ತೊಳೆಗಳ ಹಾಗೆ ಪಕ್ಕಪಕ್ಕ ಜೋಡಿಸಿ, ರಿವೆಟ್ ಹೊಡೆಯುತ್ತಿದ್ದರು. 62 ಪಟ್ಟಿಗಳ ಹಚಿಗಳೂ ಉಂಟು. ಮೇಲೆ ಅರಗಿನಂಥ ಲ್ಯಾಕರ್ ಬಳಿಯುತ್ತಿದ್ದರು. ಅಂದಕ್ಕೆ ಅಂತ ಕಂಡರೂ ಅದರ ದೊಡ್ಡ ಕೆಲಸ ತುಕ್ಕು ತಡೆಯುವುದು. ಜಪಾನಿನ ತೇವದ ಹವೆಯಲ್ಲಿ ಬರಿ ಕಬ್ಬಿಣ ಹೆಚ್ಚು ದಿನ ಬಾಳಲ್ಲ.

1543ರಲ್ಲಿ ಪೋರ್ಚುಗೀಸರು ತನೆಗಶಿಮಾ ದ್ವೀಪಕ್ಕೆ ಬಂದರು, ಅವರ ಜೊತೆ ಬಂದೂಕು ಬಂತು. ಸ್ಥಳೀಯ ಕಮ್ಮಾರರು ಬೇಗನೇ ಅದನ್ನು ನೋಡಿ ಕಲಿತರು. 1575ರ ನಾಗಶಿನೊ ಯುದ್ಧದ ಹೊತ್ತಿಗೆ ಬಂದೂಕು ಹಿಡಿದ ಕಾಲಾಳುಗಳೇ ಯುದ್ಧದ ಗತಿ ತಿರುಗಿಸುವಷ್ಟಾಗಿದ್ದರು. ಸೈನ್ಯಗಳು ದೊಡ್ಡದಾದವು, ಸಾವಿರಾರು ಟೋಪಿಗಳು ಬೇಗ ಬೇಕಾದವು. ಆಗ ಚಾಲ್ತಿಗೆ ಬಂದದ್ದು ಜುನರಿ, ಅಂದರೆ 'ತಲೆಯ ಆಕಾರದ್ದು'. 62 ಪಟ್ಟಿಗಳ ಬದಲು ಮೂರೋ ಐದೋ ದಪ್ಪ ತಗಡು. ಮಾಡೋದು ಸುಲಭ, ಗಟ್ಟಿ, ಅಗ್ಗ. ಕೆಲವು ಕವಚಗಳಲ್ಲಿ ಗುಂಡಿನ ಪೆಟ್ಟಿನ ಗುಳಿ ಇರುತ್ತೆ. ಎಲ್ಲವೂ ಯುದ್ಧದ ಗಾಯವಲ್ಲ. ತಯಾರಿಸಿದವರೇ ಗುಂಡು ಹೊಡೆದು, 'ನೋಡಿ, ತಡೆಯುತ್ತೆ' ಅಂತ ತೋರಿಸಿದ ಗುರುತೂ ಇರಬಹುದು. ನಮ್ಮ ಟೆಸ್ಟಿಂಗ್ ಟೀಮಿನವರು ಕೇಳಿದರೆ ಖುಷಿಪಡ್ತಾರೆ.

ಹಾಗಂತ ಎಲ್ಲರೂ ಸರಳವಾಗಲಿಲ್ಲ. ನೂಕುನುಗ್ಗಲಿನ ಯುದ್ಧದಲ್ಲಿ ನಾಯಕ ದೂರದಿಂದಲೇ ಕಾಣಬೇಕಲ್ಲ? ಮೊಲದ ಕಿವಿ, ಮೀನಿನ ಬಾಲ, ಶಂಖದ ಆಕಾರದ ಟೋಪಿಗಳು ಹುಟ್ಟಿದವು. ಒಳಗೆ ಸಾದಾ ಕಬ್ಬಿಣ, ಹೊರಗೆ ಕಾಗದ, ಮರದಲ್ಲಿ ಮಾಡಿದ ಆಕಾರ, ಮೇಲೆ ಲ್ಯಾಕರ್. ತೂಕ ಹೆಚ್ಚಾಗದ ಹಾಗೆ. ನವೊಎ ಕನೆತ್ಸುಗು ಎಂಬ ಸೇನಾನಿಯ ಹಣೆಯ ಮೇಲಂತೂ 'ಪ್ರೀತಿ' ಅನ್ನುವ ಒಂದೇ ಅಕ್ಷರ. ಅದು ಪ್ರೇಮಪತ್ರವಲ್ಲ, ದೇವರ ಹೆಸರಿನ ಮೊದಲಕ್ಷರ ಅಂತಾರೆ. ಯಾವ ದೇವರು ಅನ್ನೋದಕ್ಕೆ ಎರಡು ಉತ್ತರ ಇವೆ, ಒಂದು ಅತಾಗೊ, ಇನ್ನೊಂದು ಐಜೆನ್. ಈ ಐಜೆನ್ ಬೌದ್ಧರ ಜೊತೆ ನಮ್ಮ ಕಡೆಯಿಂದಲೇ ಹೋದವನು, ಸಂಸ್ಕೃತದಲ್ಲಿ ಅವನ ಹೆಸರು ರಾಗರಾಜ.

ಇಷ್ಟೆಲ್ಲ ಓದಿದ ಮೇಲೆ ಸುಮ್ಮನಿರೋಕಾಗುತ್ತಾ? ಒಂದು ಬೇಕು ಅನ್ನಿಸಿತು. ಆಫೀಸಿನ ಜಪಾನಿ ಗೆಳೆಯನನ್ನು ಕರ್ಕೊಂಡು ಒಂದು ಹಳೆ ಸಾಮಾನಿನ ಅಂಗಡಿಗೆ ಹೋದೆ. ಅಂಗಡಿಯ ಹಿರಿಯರು ಎರಡೂ ಕೈಯಲ್ಲಿ ಹಿಡಿದು ಒಂದು ಜುನರಿ ತಂದಿಟ್ಟರು. ಕಪ್ಪು ಲ್ಯಾಕರ್ ಅಲ್ಲಲ್ಲಿ ಒಡೆದಿತ್ತು. ಮಾಎದಾತೆ ಇಲ್ಲ, ಅದನ್ನು ಸಿಕ್ಕಿಸುವ ಕೊಕ್ಕೆ ಮಾತ್ರ ಉಳಿದಿತ್ತು. ಒಳಗಿನ ಬಟ್ಟೆ ಹರಿದಿತ್ತು. ನಾನು ಎಲ್ಲರೂ ಕೇಳುವ ಪೆದ್ದು ಪ್ರಶ್ನೆಯನ್ನೇ ಕೇಳಿದೆ, "ಇದು ಒರಿಜಿನಲ್ಲಾ?"

ಗೆಳೆಯ ಅನುವಾದಿಸಿದ. ಹಿರಿಯರು ಬೆರಳಿಟ್ಟು ತೋರಿಸಿದರು. ಹಚಿ ನಾನ್ನೂರು ವರ್ಷದ್ದು. ಶಿಕೊರೊ ಇನ್ನೂರು ವರ್ಷದ್ದಿರಬಹುದು. ದಾರ ಅದಕ್ಕೂ ಈಚಿನದು. ಯಾವುದು ಒರಿಜಿನಲ್ ಅಂತ ನೀವೇ ಹೇಳಿ ಅನ್ನೋ ಹಾಗೆ ನಕ್ಕರು. ನನಗೆ ನಮ್ಮ ಪ್ರಾಜೆಕ್ಟಿನ ಹಳೆ ಕೋಡ್ ನೆನಪಾಯಿತು. ಯಾರೋ ಬರೆದದ್ದನ್ನು ಇನ್ಯಾರೋ ತಿದ್ದಿ, ಮತ್ಯಾರೋ ತೇಪೆ ಹಾಕಿ, ಇವತ್ತಿಗೂ ಓಡ್ತಾ ಇದೆ. ಇಂಥ ಟೋಪಿಗಳಲ್ಲಿ ಇದೇ ಸಾಮಾನ್ಯ. ಅಪ್ಪನ ಟೋಪಿ ಮಗನಿಗೆ, ಮಗನದು ಮೊಮ್ಮಗನಿಗೆ. ಹರಿದದ್ದನ್ನು ಬದಲಿಸುತ್ತಾ ಹೋಗುವುದು.

"ಒಳಗೆ ಮಾಡಿದವರ ಸಹಿ ಇದೆಯಾ?" ಅಂದೆ. ಇಲ್ಲ. ಇಲ್ಲದಿರೋದೇ ಒಳ್ಳೇದು ಅಂದರು ಹಿರಿಯರು. ಅದರ ಹಿಂದೊಂದು ಕಥೆ ಇದೆ. 1615ರಲ್ಲಿ ಒಸಾಕಾ ಕೋಟೆ ಬಿದ್ದ ಮೇಲೆ ಟೊಕುಗಾವ ಮನೆತನದ ಆಳ್ವಿಕೆಯಲ್ಲಿ ಇನ್ನೂರೈವತ್ತು ವರ್ಷ ಹೆಚ್ಚುಕಡಿಮೆ ಶಾಂತಿ. ಯುದ್ಧವಿಲ್ಲದ ಯೋಧರಿಗೆ ಕಬುತೊ ಅಂದರೆ ಮೆರವಣಿಗೆ ಮತ್ತು ಮನೆತನದ ಗೌರವ. ಮ್ಯೋಚಿನ್ ಎಂಬ ಹೆಸರಾಂತ ಕವಚಕಾರರ ಮನೆಯವರು ಆಗ ಹೊಸ ಕೆಲಸ ಶುರುಮಾಡಿದರು: ಹಳೆ ಟೋಪಿಗಳನ್ನು ನೋಡಿ, 'ಇದು ನಮ್ಮ ಪೂರ್ವಜರಾದ ಇಂಥವರೇ ಮಾಡಿದ್ದು' ಅಂತ ಪ್ರಮಾಣಪತ್ರ ಬರೆದುಕೊಡುವುದು. ಆ ಪೂರ್ವಜರ ಪಟ್ಟಿಯ ಹಳೆಯ ಭಾಗವನ್ನು ಇಂದಿನ ವಿದ್ವಾಂಸರು ನಂಬುವುದಿಲ್ಲ. ನಿಜವಾದ ಹಳೆ ಟೋಪಿಗೆ ಕಟ್ಟುಕಥೆಯ ವಂಶಾವಳಿ! ಕಬ್ಬಿಣದ ಟೋಪಿಗೇ ಟೋಪಿ.

ಕೊನೆಗೆ ಕೇಳಿದೆ, "ಇದು ಯಾರ ಮನೆಯಿಂದ ಬಂತು?"

ಹಿರಿಯರು ಈ ಸಲ ನಗಲಿಲ್ಲ. ಗೆಳೆಯ ಅವರ ಮಾತು ಕೇಳಿ, ಸ್ವಲ್ಪ ಹೊತ್ತು ಬಿಟ್ಟು ಹೇಳಿದ, "ಮಾರಿದ ಮನೆಯವರು ಹೆಸರು ಹೇಳಬೇಡಿ ಅಂದಿದ್ದಾರಂತೆ."

ಸಂಗ್ರಹಕಾರರು ಇಂಥ ಕಡೆ ಬೆಲೆ ಇಳಿಸುತ್ತಾರೆ. ಯಾರ ಮನೆಯದ್ದು ಅಂತ ಗೊತ್ತಿದ್ದರೆ ಒಂದು ಬೆಲೆ, ಗೊತ್ತಿಲ್ಲದಿದ್ದರೆ ಒಂದು ಬೆಲೆ. ನನಗೆ ಮಾತ್ರ ಬೇರೇನೋ ನೆನಪಾಯಿತು. ಅದನ್ನು ಹೇಳುವ ಮೊದಲು 1876ರ ವಿಷಯ ಹೇಳಬೇಕು.

1868ರಲ್ಲಿ ಟೊಕುಗಾವ ಆಳ್ವಿಕೆ ಮುಗಿದು ಮೇಜಿ ಸರ್ಕಾರ ಬಂತು. 1871ರಲ್ಲಿ ಪಾಳೆಯಪಟ್ಟುಗಳು ರದ್ದಾದವು. 1873ರಲ್ಲಿ ಕಡ್ಡಾಯ ಸೈನಿಕ ಸೇವೆ ಬಂತು, ರೈತನ ಮಗನೂ ಸೈನಿಕನಾದ. 1876ರಲ್ಲಿ ಸಮುರಾಯ್‌ಗಳು ಕತ್ತಿ ಕಟ್ಟಿಕೊಂಡು ಓಡಾಡುವುದು ನಿಷೇಧವಾಯಿತು. ಅದೇ ವರ್ಷ, ತಲೆತಲಾಂತರದಿಂದ ಅಕ್ಕಿಯ ಲೆಕ್ಕದಲ್ಲಿ ಬರುತ್ತಿದ್ದ ಅವರ ಸಂಬಳ ನಿಂತು ಬದಲಿಗೆ ಸರ್ಕಾರಿ ಬಾಂಡ್ ಕೈಗೆ ಬಂತು. ಸಣ್ಣ ಸಂಬಳದ ಮನೆಗಳಿಗೆ ಆ ಬಾಂಡಿನ ಬಡ್ಡಿ ಹೊಟ್ಟೆಗೆ ಸಾಲದು. ಇಡೀ ಒಂದು ವರ್ಗಕ್ಕೆ ಒಮ್ಮೆಗೇ ಲೇಆಫ್ ಆದ ಹಾಗೆ. ಮನೆಯ ಕತ್ತಿ, ಕವಚ, ಕಬುತೊ ಮಾರುಕಟ್ಟೆಗೆ ಬಂದವು. ಕೊಳ್ಳುವವರಲ್ಲಿ ವಿದೇಶಿಯರೂ ಇದ್ದರು.

ಅಂಥವರಲ್ಲಿ ನನಗೆ ಇಷ್ಟವಾದವನು ಬ್ಯಾಶ್‌ಫರ್ಡ್ ಡೀನ್. ನ್ಯೂಯಾರ್ಕಿನ ಪ್ರಾಣಿಶಾಸ್ತ್ರದ ಪ್ರೊಫೆಸರ್. ಮೈಮೇಲೆ ಮೂಳೆಯ ಕವಚವಿದ್ದ ಪುರಾತನ ಮೀನುಗಳ ಪಳೆಯುಳಿಕೆ ಅವನ ವಿಷಯ. ಮೀನುಗಳ ಅಧ್ಯಯನಕ್ಕೇ ಜಪಾನಿಗೆ ಹೋದವನು ಮನುಷ್ಯರ ಕವಚಕ್ಕೆ ಮರುಳಾದ. 1904ರಲ್ಲಿ ಅವನ ಜಪಾನಿ ಸಂಗ್ರಹ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ ಸೇರಿತು. 1912ರಲ್ಲಿ ಅಲ್ಲಿ ಆಯುಧ-ಕವಚಗಳ ವಿಭಾಗ ಶುರುವಾದಾಗ ಅವನೇ ಅದರ ಮುಖ್ಯಸ್ಥ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಹೊಸ ಹೆಲ್ಮೆಟ್ ವಿನ್ಯಾಸ ಮಾಡಿಕೊಡಲು ಕರೆದದ್ದೂ ಇವನನ್ನೇ. ಹಳೆ ಟೋಪಿ ಕೂಡಿಡುವುದು ಹುಚ್ಚು ಅಂದವರಿಗೆ ಅದು ಒಳ್ಳೆ ಉತ್ತರ. ಡೀನ್‌ನಂಥವರು ಕೊಳ್ಳದೇ ಇದ್ದಿದ್ದರೆ ಎಷ್ಟೋ ಕಬುತೊಗಳು ಕರಗಿ ಹೋಗುತ್ತಿದ್ದವು, ಅದೂ ನಿಜ. ಆದರೆ ಮ್ಯೂಸಿಯಂ ಚೀಟಿಯಲ್ಲಿ ಕೊಟ್ಟವರ ಹೆಸರು ಇರುತ್ತೆ, ಕಷ್ಟಕ್ಕೆ ಮಾರಿದವರ ಹೆಸರು ಸಾಮಾನ್ಯವಾಗಿ ಇರೋದಿಲ್ಲ.

ಅಂಗಡಿಯಲ್ಲಿ ಇನ್ನೊಂದು ಟೋಪಿಯೂ ಇತ್ತು. ಎರಡನೇ ಮಹಾಯುದ್ಧದ ಉಕ್ಕಿನ ಹೆಲ್ಮೆಟ್, ಮುಂದೆ ಸೈನ್ಯದ ನಕ್ಷತ್ರ. ಒಳಗಡೆ ಯಾರೋ ಸೈನಿಕ ತನ್ನ ಹೆಸರು ಬರೆದುಕೊಂಡಿದ್ದ, ಅರ್ಧ ಅಳಿಸಿತ್ತು. 1945ರಲ್ಲಿ ಸೋತ ಮೇಲೆ ಜಪಾನಿನಲ್ಲಿ ಅಡುಗೆಗೆ ಪಾತ್ರೆಯೂ ಇರಲಿಲ್ಲ. ಉಳಿದ ಹೆಲ್ಮೆಟ್‌ಗಳಿಗೆ ಹಿಡಿ ಹಾಕಿ ಪಾತ್ರೆ ಮಾಡಿಕೊಂಡರು. ಅಂಥ ಪಾತ್ರೆಗಳೂ ಈಗ ಮ್ಯೂಸಿಯಂ ಸೇರಿವೆ.

ಪಾತ್ರೆ ಅಂದಾಗಲೇ ನನಗೆ ನೆನಪಾದದ್ದು ನಮ್ಮನೆಯ ಹಿತ್ತಾಳೆ ಹಂಡೆ. ಬಚ್ಚಲಲ್ಲಿ ನೀರು ಕಾಯಿಸುವ ದೊಡ್ಡ ಹಂಡೆ, ಅಜ್ಜಿಯ ಕಾಲದ್ದು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಎರಡು ವರ್ಷ ಮಳೆ ಕೈಕೊಟ್ಟಿತು. ಒಂದು ದಿನ ಕತ್ತಲಾದ ಮೇಲೆ ಪಾತ್ರೆ ವ್ಯಾಪಾರಿ ಹಿತ್ತಲ ಬಾಗಿಲಿಗೆ ಬಂದ. ತಕ್ಕಡಿಯಲ್ಲಿ ತೂಗಿ, ಗೋಣಿಚೀಲದಲ್ಲಿ ಸುತ್ತಿ ತಗೊಂಡು ಹೋದ. "ಯಾರ್ಗೂ ಹೇಳ್ಬ್ಯಾಡ" ಅಂತ ಅಮ್ಮ ನನಗೆ ಹೇಳಿದ್ದಳು. ಇವತ್ತಿನವರೆಗೂ ಹೇಳಿರಲಿಲ್ಲ. ಬೆಂಗಳೂರಿನ ಕೆಫೆಗಳಲ್ಲಿ ಅಂಥ ಹಂಡೆಯೊಳಗೆ ಗಿಡ ನೆಟ್ಟಿರೋದನ್ನು ನೀವೂ ನೋಡಿರ್ತೀರಿ, ಅದರ ಪಕ್ಕ ಕೂತು ಫೋಟೋ ತೆಗೆಸಿಕೊಂಡಿರ್ತೀರಿ. ನಾನೂ ತೆಗೆಸಿಕೊಂಡಿದ್ದೇನೆ.

ಅವತ್ತು ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಟೋಪಿ ವಿಷಯ ಹೇಳಿದೆ.

"ಸತ್ತೋನ ಟೋಪಿನ ಮನೆಗ್ಯಾಕಪ್ಪ ತತ್ತೀಯ?" ಅಂದಳು.

"ಅವ್ರ ಮನೆಯೋರು ಹೆಸ್ರು ಹೇಳ್ಬೇಡಿ ಅಂದವ್ರಂತೆ ಕಣಮ್ಮ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಏನ್ ಕಷ್ಟ ಇತ್ತೋ ಪಾಪ" ಅಂದಳು. ಮತ್ತೆ ತಾನಾಗೇ, "ನಮ್ ಹಂಡೆ ಕಂಠದ್ ಮ್ಯಾಲೆ ನಿಮ್ಮಜ್ಜಿ ಹೆಸ್ರು ಹೊಡ್ಸಿತ್ತು, ಗ್ಯಾಪ್ಕ ಐತಾ?" ಅಂದಳು.

ನೆನಪಿರಲಿಲ್ಲ. ಹಂಡೆಗೆ ಹೆಸರು ಹೊಡೆಸುವ ಪದ್ಧತಿ ಇತ್ತು ಅನ್ನೋದನ್ನೇ ಮರೆತಿದ್ದೆ.

ಕಬುತೊ ಕೊಳ್ಳಲಿಲ್ಲ. ದೊಡ್ಡ ತತ್ವ ಅಂತೇನೂ ಅಲ್ಲ, ದುಡ್ಡೂ ಸಾಲುತ್ತಿರಲಿಲ್ಲ. ಹೆಸರು ಹೇಳಬೇಡಿ ಅನ್ನೋದು ವ್ಯಾಪಾರಿಯ ಚಾಲಾಕಿ ಮಾತೂ ಇರಬಹುದು. ಆದರೆ ಅವತ್ತಿನಿಂದ ಒಂದು ಅಭ್ಯಾಸವಾಗಿದೆ. ಯಾವುದೇ ಕೆಫೆಯಲ್ಲಿ, ಹೋಟೆಲಿನಲ್ಲಿ ಹಿತ್ತಾಳೆ ಹಂಡೆ ಕಂಡರೆ, ಗಿಡದ ಎಲೆ ಸರಿಸಿ ಕಂಠದ ಸುತ್ತ ಬೆರಳಾಡಿಸಿ ನೋಡ್ತೀನಿ. ಬಹಳಷ್ಟರಲ್ಲಿ ಯಾವುದಾದರೂ ಹೆಸರು ಸಿಗುತ್ತೆ. ನಮ್ಮಜ್ಜಿಯದ್ದು ಇನ್ನೂ ಸಿಕ್ಕಿಲ್ಲ.