ಅಪಸ್ಮಾರವೂ ಮಿದುಳಿನ ನಿರೋಧಕ ಗ್ರಾಹಕಗಳೂ

ಸ್ಮೃತಿಯು ಅಪಗತವಾಗುವ ವ್ಯಾಧಿಯಾದುದರಿಂದ ಇದಕ್ಕೆ ಅಪಸ್ಮಾರವೆಂಬ ಹೆಸರು ಬಂದಿತು. ಚರಕಸಂಹಿತೆಯು ಇದನ್ನು ದೋಷಭೇದದಿಂದ ನಾಲ್ಕು ಬಗೆಯಾಗಿ ವಿಂಗಡಿಸಿ ಚಿಕಿತ್ಸೆಯನ್ನು ಹೇಳಿತು. ಜನಸಾಮಾನ್ಯರು ಮಾತ್ರ ಬಹುಕಾಲ ಇದನ್ನು ಗ್ರಹಬಾಧೆಯೆಂದೇ ನಂಬಿದರು.

ಕಾರಣವು ತಿಳಿಯುವ ಮೊದಲೇ ಮದ್ದು ದೊರೆತುದು ಈ ರೋಗದ ಚರಿತ್ರೆಯಲ್ಲಿ ಒಂದು ವಿಶೇಷವು. 1912ರಲ್ಲಿ ಜರ್ಮನಿಯ ಹೌಪ್ಟ್‌ಮನ್ ಎಂಬ ವೈದ್ಯನು ನಿದ್ರೆ ತರುವ ಫಿನೋಬಾರ್ಬಿಟಾಲನ್ನು ರೋಗಿಗಳಿಗೆ ಕೊಟ್ಟಾಗ ಸೆಳವುಗಳು ಕಡಮೆಯಾದುವು. ಅದೇಕೆಂಬುದು ಆಗ ಅಜ್ಞಾತವಾಗಿದ್ದಿತು. 1950ರಲ್ಲಿ ಯೂಜೀನ್ ರಾಬರ್ಟ್ಸ್ ಮೊದಲಾದವರು ಮಿದುಳಿನಲ್ಲಿ ಗಾಬಾ ಎಂಬ ದ್ರವ್ಯವಿರುವುದನ್ನು ಪ್ರಕಟಿಸಿದರು. ಅದು ನರಕೋಶದ ಗ್ರಾಹಕವನ್ನು ಸೇರಿದಾಗ ಕ್ಲೋರೈಡ್ ಕಣಗಳು ಒಳಹೊಕ್ಕು ಕೋಶದ ಉದ್ರೇಕವನ್ನು ತಡೆಯುವುವು. ಹೌಪ್ಟ್‌ಮನ್ನನ ಮದ್ದು ಈ ತಡೆಯನ್ನೇ ಬಲಪಡಿಸುವುದೆಂದು ತರುವಾಯ ತಿಳಿದುಬಂದಿತು.

1988ರಲ್ಲಿ ಸ್ವೀಡನ್ನಿನ ವಿದ್ವಾಂಸರು, ಸೆಳವು ಹುಟ್ಟುವ ಎಡೆಯಲ್ಲಿ ಇಂತಹ ಗ್ರಾಹಕಗಳು ಕಡಮೆಯಾಗಿರುವುದನ್ನು ಜೀವಂತ ರೋಗಿಗಳ ಮಿದುಳಿನ ಚಿತ್ರಗಳಿಂದ ತೋರಿಸಿದರು. 2001ರಲ್ಲಿ ಗ್ರಾಹಕದ ಗಾಮಾ-2 ಎಂಬ ಘಟಕದ ಜೀನಿನಲ್ಲಿಯೇ ವಿಕಾರವಿರುವುದು ಕೆಲವು ಕುಟುಂಬಗಳಲ್ಲಿ ಕಂಡುಬಂದಿತು. ಸೆಳವು ನಿಲ್ಲದೆ ಮುಂದುವರಿದರೆ ಕೋಶದ ಮೇಲಿರುವ ಗ್ರಾಹಕಗಳು ಒಳಕ್ಕೆ ಸರಿದು ಔಷಧದ ಶಕ್ತಿಯು ಕುಂದುವುದೆಂದು ಪ್ರಾಣಿಗಳ ಮೇಲೆ ನಡೆದ ಪರೀಕ್ಷೆಗಳು ತಿಳಿಸಿವೆ. ಆದುದರಿಂದ ಮಂತ್ರವಾದಿಯ ಬಾಗಿಲಲ್ಲಿ ಕಳೆದ ಗಳಿಗೆಯು ರೋಗಿಯ ಜೀವಕ್ಕೇ ಎರವಾಗಬಹುದು.