ಮೇಷ ಸಂಕ್ರಮಣದ ಸೀಮೆ

ಹಗಲಿರುಳುಗಳು ಸಮವಾಗುವ ವಸಂತವಿಷುವವು ಮಾರ್ಚ್ ೨೦ ಅಥವಾ ೨೧ರಂದೇ ಸಂದುಹೋಗುವುದಾದರೂ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ತುಳುವರು ಮತ್ತೂ ಮೂರು ವಾರಗಳಿಗೆ ಮಿಕ್ಕು ಕಾದು, ಸೂರ್ಯನು ಪಂಚಾಂಗದ ಮೇಷರಾಶಿಯನ್ನು ಹೊಕ್ಕ ಮೇಲೆ, ಏಪ್ರಿಲ್ ೧೪ರ ಸುಮಾರಿಗೆ, ಸುಗ್ಗಿ ತಿಂಗಳನ್ನು ಕಳುಹಿ ಪಗ್ಗು ತಿಂಗಳ ಮೊದಲ ದಿನ ಬಿಸುಪರ್ಬವನ್ನು ಆಚರಿಸುತ್ತಾರೆ. ಆಕಾಶದ ಪರ್ವಕ್ಕೂ ಅಂಗಳದ ಪರ್ವಕ್ಕೂ ನಡುವಣ ಈ ಅಂತರವು ಒಮ್ಮೆಲೇ ಉಂಟಾದುದಲ್ಲ.

ಸಂವತ್ಸರವಿಡೀ ನಡೆಯುತ್ತಿದ್ದ ವೈದಿಕ ಗವಾಮಯನ ಸತ್ರದಲ್ಲಿ ನಟ್ಟನಡುವಿನ ದಿನಕ್ಕೆ ವಿಷುವಂತವೆಂಬ ಹೆಸರಿದ್ದಿತು. ಆರನೆಯ ಶತಮಾನದ ವರಾಹಮಿಹಿರನು, ಪೂರ್ವಶಾಸ್ತ್ರಗಳು ಆಶ್ಲೇಷೆಯ ನಡುವೆ ಹೇಳಿದ್ದ ದಕ್ಷಿಣಾಯನಾರಂಭವು ತನ್ನ ಕಾಲಕ್ಕೆ ಕರ್ಕಾಟಕದ ಆದಿಗೆ ಸರಿದಿರುವುದನ್ನು ಬೃಹತ್ಸಂಹಿತೆಯಲ್ಲಿ ನಿಸ್ಸಂಕೋಚವಾಗಿ ಕಾಣಿಸಿದನು. ಸೂರ್ಯಸಿದ್ಧಾಂತವು ಈ ಚಲನವನ್ನು ೨೭ ಅಂಶಗಳೊಳಗಿನ ತೂಗಾಟವೆಂದು ಭಾವಿಸಿತು. ಅದು ತೂಗಾಟವಲ್ಲ, ಸುಮಾರು ೭೨ ವರ್ಷಕ್ಕೊಂದು ಅಂಶದಂತೆ ಏಕಮುಖವಾಗಿ ಸಾಗುವ ಗತಿಯೆಂಬುದು ಈಗ ನಿಶ್ಚಿತ; ಮೂರನೆಯ ಶತಮಾನದ ಉತ್ತರಾರ್ಧದ ಸುಮಾರಿಗೆ ಕೂಡಿದ್ದ ವಿಷುವ, ಮೇಷಾದಿಗಳು ಇಂದು ೨೪ ಅಂಶಗಳಷ್ಟು ಅಗಲಿವೆ. ಮೇಘನಾದ ಸಾಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿಯು ೧೯೫೫ರ ವರದಿಯಲ್ಲಿ ವರ್ಷಾರಂಭವನ್ನು ವಿಷುವಕ್ಕೇ ಮರಳಿಸಿತು; ೧೯೫೭ರ ಮಾರ್ಚ್ ೨೨ ರಾಷ್ಟ್ರೀಯ ಪಂಚಾಂಗದ ಮೊದಲ ಚೈತ್ರ ೧ ಆಯಿತು. ಸರಕಾರದ ಗೆಜೆಟ್ಟು ಅದನ್ನು ಒಪ್ಪಿತು, ತುಳುನಾಡಿನ ಅಂಗಳ ಒಪ್ಪಲಿಲ್ಲ. ಇದನ್ನು ಅಜ್ಞಾನದ ಹಠವೆನ್ನಲು ನನಗೆ ಮನಸ್ಸಿಲ್ಲ: ಇಲ್ಲಿಯ ಬೇಸಾಯವು ಮಳೆಯನ್ನು ಕಾಯುತ್ತದೆಯೇ ಹೊರತು ಹಗಲಿರುಳುಗಳ ಸಮತೆಯನ್ನಲ್ಲ.

ಇರಾನಿಯರು ನೌರೂಜನ್ನು ವಿಷುವದ ಕ್ಷಣವನ್ನೇ ಗಣಿಸಿ ಆಚರಿಸುವರು. ಈಸ್ಟರನ್ನು ವಿಷುವಕ್ಕೆ ಮತ್ತೆ ಹೊಂದಿಸುವ ಸಲುವಾಗಿಯೇ ಪೋಪ್ ಗ್ರೆಗೊರಿಯು ೧೫೮೨ರಲ್ಲಿ ಹತ್ತು ದಿನಗಳನ್ನು ಅಳಿಸಿದನು. ಮಲೆಯಾಳದ ವಿಷು, ತಮಿಳರ ಪುತ್ತಾಂಡು, ಅಸ್ಸಾಮಿನ ಬಿಹು, ಸಯಾಮಿನ ಸೋಂಗ್‌ಕ್ರಾನ್ ಎಲ್ಲವೂ ತುಳುವರ ಪಂಕ್ತಿಯವೇ.

ಹಾಗೆಂದು ನಿಜವಾದ ವಿಷುವದ ದಿನ ಈ ಸೀಮೆ ಸುಮ್ಮನಿರುವುದೆಂದಲ್ಲ. ಬಂಟ್ವಾಳ ತಾಲೂಕಿನಲ್ಲಿ, ಫಲ್ಗುಣಿಯ ದಡದ ಪೊಳಲಿಯಲ್ಲಿ, ಮೀನ ಸಂಕ್ರಮಣದ ರಾತ್ರಿ ಕೊಡಿಯೇರಿದ ರಾಜರಾಜೇಶ್ವರಿಯ ಜಾತ್ರೆಗೆ ಆಗ ಮೊದಲ ವಾರ. ಸುಮಾರು ತಿಂಗಳು ನಡೆಯುವ ಈ ಜಾತ್ರೆ ಇಂತಿಷ್ಟೇ ದಿನವೆಂಬುದು ಅಚ್ಚಾದ ಪಂಚಾಂಗದಿಂದ ತಿಳಿಯದು. ಮೂಡುಬಿದಿರೆ ಬಳಿಯ ಪುತ್ತಿಗೆಯ ಸೋಮನಾಥನ ಸನ್ನಿಧಿಯ ಜೋಯಿಸರಲ್ಲಿ ಕೇಳಿ ಬಂದು, ಪೊಳಲಿಯಲ್ಲಿ ‘ಕುದಿ’ ಕರೆದು ಸಾರಿದ ಮೇಲೆಯೇ ಊರಿಗೆ ಗೊತ್ತು. ಜಾತ್ರೆಯ ಕೊನೆಯತ್ತ ಐದು ದಿನ ನಡೆಯುವ ಪ್ರಸಿದ್ಧವಾದ ಪೊಳಲಿ ಚೆಂಡಿಗೆ ಚರ್ಮದ ಚೆಂಡನ್ನು ಹೊಲಿಯುವುದು ಮೂಡುಬಿದಿರೆಯ ಚಮ್ಮಾರರ ಮನೆತನ, ಅದರ ವೆಚ್ಚವನ್ನು ಹೊರುವುದು ಮಿಜಾರಿನ ಗಾಣಿಗರ ಮನೆತನ. ಬೇಸಗೆಗೆ ಬಿರಿದ ಗದ್ದೆಯಲ್ಲಿ ಊರವರು ಇಬ್ಬಣವಾಗಿ ಧೂಳೆಬ್ಬಿಸುವರು. ಮರಳುವವರ ಕಂಕುಳಲ್ಲಿ ಪೊಳಲಿಯ ಬಚ್ಚಂಗಾಯಿ ಇಲ್ಲದಿದ್ದರೆ ಜಾತ್ರೆಗೆ ಹೋದುದನ್ನು ಮನೆಯವರು ನಂಬುವುದು ಕಷ್ಟ. ಆ ಹಣ್ಣೂ ಪ್ರಸಾದವೇ.

ಬಿಸುವಿನ ಬೆಳಿಗ್ಗೆ ಅಕ್ಕಿ, ತೆಂಗು, ಸೌತೆ, ಹಲಸು, ಮಾವು, ಗೇರುಹಣ್ಣು, ಚಿನ್ನ, ಕನ್ನಡಿಗಳ ಕಣಿಯನ್ನು ಕಂಡು, ಹಿರಿಯರ ಕಾಲಿಗೆರಗಿ, ಗದ್ದೆಯ ಮೂಲೆಯನ್ನು ಶಾಸ್ತ್ರಕ್ಕೆ ಉತ್ತು ‘ಕೈಬಿತ್ತ್’ ಹಾಕುವರು. ಒಕ್ಕಲುಗಳು ಧಣಿಯ ಚಾವಡಿಗೆ ಬುಳೆಕಾಣಿಕೆ ಹೊತ್ತು ತರುತ್ತಿದ್ದ ಕಾಲವೊಂದಿದ್ದಿತು; ೧೯೭೪ರ ಭೂಸುಧಾರಣಾ ತಿದ್ದುಪಡಿಯು ಗೇಣಿಯನ್ನೇ ತೊಡೆದ ಬಳಿಕ ಆ ಕಾಣಿಕೆ ಕ್ಷೀಣಿಸಿತು, ಕಣಿ ಉಳಿಯಿತು. ಇದಕ್ಕಾಗಿ ಮರುಗುವವರ ಸಾಲಿನಲ್ಲಿ ನಾನಿಲ್ಲ.

ಅತ್ತ ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಮೇಷ ಸಂಕ್ರಮಣದೊಡನೆ ಮಂಜುನಾಥನ ವಿಷುಜಾತ್ರೆ ಮೊದಲಾಗುವುದು. ಬೇಸಾಯಗಾರನ ಕಣ್ಣು ಮಾತ್ರ ‘ಪಗ್ಗು ಪದಿನೆಣ್ಮ’ದ ಮೇಲೆ: ಪಗ್ಗುವಿನ ಆ ಹದಿನೆಂಟನೆಯ ದಿನ ಬೀಜ ಬಿತ್ತಲು ಪ್ರಶಸ್ತ. ಮುಂದೆ ಬೇಶ ತಿಂಗಳ ಹತ್ತರಂದು, ಮೇ ೨೪ರ ಸುಮಾರಿಗೆ, ಪತ್ತನಾಜೆ. ಅಂದಿಗೆ ನೇಮ, ಕೋಲಗಳು ನಿಂತು, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ, ಊರು ಏಣೆಲು ಬೆಳೆಯ ಕೆಲಸಕ್ಕೆ ಇಳಿಯುವುದು.