ಬ್ರಷ್ ಕಟರ್: 15 ಮೀಟರ್ ಅಂತರವೇಕೆ?

ನೂಲದಂತಹ ಗಡಹಿಂಗ್ಲಜ ತಾಲೂಕಿನ ಊರುಗಳಲ್ಲಿ ಬದುವಿನ ಹುಲ್ಲಿಗೆ ಕುಡಗೋಲಿನ ಜೊತೆ ಪೆಟ್ರೋಲಿನ ಬ್ರಷ್ ಕಟರ್ ಕೂಡ ಬಳಕೆಯಲ್ಲಿದೆ. ಅಲಗು ತಾಗದಷ್ಟು ದೂರಕ್ಕೂ ಅದು ಸಿಡಿಸಿದ ಕಲ್ಲು ತಾಗುತ್ತದೆ. ಆದಕಾರಣ ಸುತ್ತ 15 ಮೀಟರಿನೊಳಗೆ ಯಾರೂ ಇರಬಾರದೆಂಬುದು ತಯಾರಕರ ಕೈಪಿಡಿಗಳ ಸಾಮಾನ್ಯ ನಿಯಮ.

ಶಾಲೆ ಬಿಟ್ಟ ಮಕ್ಕಳು ತಂದೆಗೆ ನೀರು ಕೊಡಲು ಹಿಂದಿನಿಂದ ಬರುವುದಕ್ಕೇ ನಾವು ಹೆಚ್ಚು ಅಂಜುತ್ತೇವೆ. ಎಂಜಿನ್ನಿನ ಸದ್ದಿನಲ್ಲಿ ಕೂಗು ಕೇಳದು; ಮೈಮುಟ್ಟಿದರೆ ಅವರು ಬೆಚ್ಚಿ ತಿರುಗುತ್ತಾರೆ, ಅಲಗೂ ಜೊತೆಗೇ ತಿರುಗುತ್ತದೆ. ಮಕ್ಕಳು ದೂರದಲ್ಲಿ, ಎದುರಿಗೆ ಕಾಣುವಂತೆ ನಿಂತು ಕೈಬೀಸಲಿ. ಎಂಜಿನ್ ನಿಲ್ಲಿಸಿದರೂ ಅಲಗು ಕೆಲ ಕ್ಷಣ ಸುತ್ತುತ್ತಲೇ ಇರುತ್ತದೆ. ಅದು ನಿಂತ ಮೇಲೆ ಹತ್ತಿರ ಬರಲಿ.

ಪೆಟ್ರೋಲನ್ನು ಎಂಜಿನ್ ತಣ್ಣಗಾದ ಮೇಲೆ ತುಂಬಿ, ಅಲ್ಲಿಂದ 3 ಮೀಟರ್ ಸರಿದು ಚಾಲೂ ಮಾಡಬೇಕು. ಉಳಿದದ್ದನ್ನು ನೀರಿನ ಬಾಟಲಿಯಲ್ಲಿ ಇಡಲೇಬಾರದು. ಮಕ್ಕಳು ನೀರೆಂದು ಕುಡಿದಾರು.